ಅಮ್ಮನ ಕೈಗೆ ದಾರ ಕೊಟ್ಟು ಕಿತ್ತುಕೊಂಡರು

ಶನಿವಾರದಿಂದ ಹೊಟ್ಟೆ ಉರೀತಿದೆ. ಇಲ್ಲಿ ಹೇಳಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಅಮ್ಮ ತಿಪಟೂರಿನಿಂದ ಮೊದಲ ಸಲ ಸಿಯೋಲ್‌ಗೆ ಬಂದಿದ್ದಾರೆ. ಅರಮನೆ, ನದಿ, ಟವರ್ ಎಲ್ಲ ತೋರಿಸಿದೆ. "ಚೆನ್ನಾಗಿದೆ ಕಣೋ" ಅಂದು ಸುಮ್ಮನಾದರು. ಅವರಿಗೆ ನೋಡೋದಕ್ಕಿಂತ ಮಾಡೋದರಲ್ಲಿ ಆಸೆ. ಯಾರ ಮನೆಗೆ ಹೋದರೂ ಐದೇ ನಿಮಿಷಕ್ಕೆ ಅಡುಗೆಮನೆಯಲ್ಲಿ ನಿಂತು "ಇದಕ್ಕೆ ಏನೇನು ಹಾಕಿದ್ರಿ" ಅಂತ ಕೇಳೋ ಜೀವ. ಹಾಗಾಗಿ ಇಲ್ಲಿನ ಬುಕ್‌ಚೊನ್ ಅನ್ನೋ ಹಳೇ ಬಡಾವಣೆಯಲ್ಲಿ ಒಂದು ಹನೋಕ್, ಅಂದರೆ ಇಲ್ಲಿನ ಹಳೇ ಕಾಲದ ಹೆಂಚಿನ ಮನೆ, ಅಲ್ಲಿ ನಡೆಸೋ "ಕೈಯಾರೆ ಕಲಿಯಿರಿ" ಅನ್ನೋ ತರಗತಿ ಬುಕ್ ಮಾಡಿದೆ. ಹನ್‌ಬೊಕ್ ಅನ್ನೋ ಕೊರಿಯಾದ ಸಾಂಪ್ರದಾಯಿಕ ಉಡುಪು ಉಡೋದು, ಮೇದುಪ್ ಅನ್ನೋ ಅಲಂಕಾರದ ದಾರದ ಗಂಟು ಹಾಕೋದು, ದಾಸಿಕ್ ಅನ್ನೋ ಸಿಹಿ ಮಾಡೋದು, ಕೊನೆಗೆ ಟೀ. 90 ನಿಮಿಷ ಅಂತ ಬರೆದಿತ್ತು. ಇಬ್ಬರಿಗೆ 90,000 ವೊನ್. ನಮ್ಮ ದುಡ್ಡಲ್ಲಿ ಐದು ಸಾವಿರ ದಾಟುತ್ತೆ.

ನಡೆದದ್ದು 40 ನಿಮಿಷ. ಅದರಲ್ಲಿ ಅರ್ಧಕ್ಕರ್ಧ ಫೋಟೋಗೇ ಹೋಯ್ತು.

ಬುಕ್‌ಚೊನ್‌ನ ಮನೆಗಳಲ್ಲಿ ಬಹಳಷ್ಟು 1930ರ ದಶಕದಲ್ಲಿ ದೊಡ್ಡ ನಿವೇಶನಗಳನ್ನ ಒಡೆದು ಒತ್ತೊತ್ತಾಗಿ ಕಟ್ಟಿದವು. ಕೋಣೆಗಳು ಚಿಕ್ಕವು. ಆರು ಜನ ಕೂತರೆ ಮೊಣಕಾಲು ತಾಗೋ ಜಾಗಕ್ಕೆ ಹದಿನಾಲ್ಕು ಜನರನ್ನ ತುಂಬಿದ್ದರು. ಹನ್‌ಬೊಕ್ ಅಂತ ಕೊಟ್ಟಿದ್ದು ಬಟ್ಟೆ ಮೇಲೆ ಹಾಗೇ ತೊಡಿಸೋ ಹೊದಿಕೆ. ರವಿಕೆಯ ಮುಂದೆ ಕಟ್ಟೋ ಆ ಉದ್ದನೆಯ ಪಟ್ಟಿ, ಗೊರುಮ್ ಅಂತಾರೆ, ಅದರ ಗಂಟನ್ನ ಮೊದಲೇ ಹೊಲಿದಿಟ್ಟು ಒಳಗಡೆ ಒತ್ತುಗುಂಡಿ ಹಾಕಿದ್ದರು. ಅರವತ್ತು ವರ್ಷ ದಾಟಿದ ಹೆಂಗಸು, ದಿನಾ ಬೆಳಿಗ್ಗೆ ಸೀರೆ ನೆರಿಗೆ ಹಿಡಿಯೋ ಕೈ. ಅವರಿಗೆ ಒಂದು ಗಂಟು ಕಟ್ಟೋದು ಹೇಳಿಕೊಡೋಕೆ ಎಷ್ಟು ಹೊತ್ತು ಬೇಕಿತ್ತು?

ಸರಿ, ಬಟ್ಟೆ ಬಿಡಿ. ನನಗೆ ಸಿಟ್ಟು ಬಂದಿದ್ದು ಮೇದುಪ್‌ನಲ್ಲಿ.

ಮೇದುಪ್ ಅಂದರೆ ಸುಮ್ಮನೆ ದಾರ ಸುತ್ತೋದಲ್ಲ. ಕೊರಿಯಾ ಸರ್ಕಾರ 1968ರಲ್ಲೇ ಈ ಕಸುಬನ್ನ ರಾಷ್ಟ್ರೀಯ ಪರಂಪರೆ ಅಂತ ಗುರುತಿಸಿದೆ. ದಾರವನ್ನ ನಡುವಿಗೆ ಮಡಚಿ ಗಂಟು ಶುರು ಮಾಡಬೇಕು, ಎರಡೂ ಎಳೆ ಜೊತೆಜೊತೆಗೆ ಸಾಗಬೇಕು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಮೊದಲು ಸಡಿಲವಾಗಿ ಹೆಣೆದುಕೊಂಡು, ಆಮೇಲೆ ದಾರ ಹೋದ ದಾರೀಲೇ ಹೋಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು. ಆ ಬಿಗಿ ಮಾಡೋದರಲ್ಲೇ ಇರೋದು ವಿದ್ಯೆ. ಇವರು ಏನು ಮಾಡಿದ್ದರು ಗೊತ್ತಾ? ಗಂಟುಗಳನ್ನ ಮೊದಲೇ ಹಾಕಿಟ್ಟು, ಒಂದು ಕೀ ಚೈನು ಮತ್ತು ಅಂಟಿನ ಬಾಟಲಿ ಕೊಟ್ಟರು. ನಾವು ಮಾಡಬೇಕಿದ್ದ ಕೆಲಸ ಅಂಟಿಸೋದು.

ಅಮ್ಮ ಅಂಟು ಪಕ್ಕಕ್ಕಿಟ್ಟು ಗಂಟು ಬಿಚ್ಚಿ ನೋಡೋಕೆ ಶುರು ಮಾಡಿದರು. ಬಾಳೆನಾರಲ್ಲಿ ಮಲ್ಲಿಗೆ ಕಟ್ಟಿ ಪಳಗಿದ ಬೆರಳು, ದಾರ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಹುಡುಕುತ್ತಾ ಇದ್ದವು. ಕಲಿಸೋಕೆ ಬಂದಿದ್ದ ವಯಸ್ಸಾದ ಟೀಚರ್ ಅದನ್ನ ನೋಡಿ, ಪಾಪ, ತಾವೇ ಹತ್ತಿರ ಬಂದು ಕೂತು ಎರಡು ಎಳೆ ಹೊಸ ದಾರ ಕೊಟ್ಟು ಕೊರಿಯನ್‌ನಲ್ಲಿ "ದೊರೆ ಮೇದುಪ್" ಅನ್ನೋ ಅತಿ ಸರಳವಾದ ಗಂಟು ತೋರಿಸೋಕೆ ಹೊರಟರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಬೇಕಾಗೂ ಇರಲಿಲ್ಲ. ಅಮ್ಮ ಒಂದು ಸುತ್ತು ಹಾಕಿದರು, ಟೀಚರ್ ತಲೆಯಾಡಿಸಿದರು. ಎರಡನೇ ಸುತ್ತಿಗೆ ಅಲ್ಲಿನ ಮ್ಯಾನೇಜರ್ ಹುಡುಗ ಬಂದು ಟೀಚರ್ ಕಿವಿಯಲ್ಲಿ ಏನೋ ಅಂದು, ಅಮ್ಮನ ಕೈಯಿಂದ ದಾರ ತಗೊಂಡು ತಟ್ಟೆಗೆ ಹಾಕಿದ. "ಮುಂದಿನ ತಂಡ ಕಾಯ್ತಿದೆ" ಅಂದ. ಟೀಚರ್ ಮುಖ ಕೆಳಗೆ ಹಾಕಿದ್ದು ನನ್ನ ಕಣ್ಣಲ್ಲೇ ಇದೆ. ಅವರ ಮೇಲೆ ನನಗೆ ಎಳ್ಳಷ್ಟೂ ಬೇಜಾರಿಲ್ಲ. ಕಲಿಸೋ ಮನಸ್ಸಿದ್ದವರನ್ನ ಗಡಿಯಾರಕ್ಕೆ ಕಟ್ಟಿ ಹಾಕಿದ್ದಾರಲ್ಲ, ಅದು ನನ್ನ ಸಂಕಟ.

ದಾಸಿಕ್ ಕಥೆಯೂ ಅದೇ. ಹುರಿದ ಕಾಳಿನ ಹಿಟ್ಟನ್ನೋ ಕಪ್ಪು ಎಳ್ಳಿನ ಪುಡಿಯನ್ನೋ ಜೇನುತುಪ್ಪದಲ್ಲಿ ಕಲಸಿ, ಹೂವು ಅಕ್ಷರ ಕೊರೆದ ಮರದ ಅಚ್ಚಿಗೆ ಒತ್ತಿ ತೆಗೆಯೋ ಸಿಹಿ ಅದು. ಅಚ್ಚು ನೋಡಿದ ತಕ್ಷಣ ಅಮ್ಮನ ಮುಖ ಅರಳಿತು. ನಮ್ಮನೇಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕೋದು ಇವತ್ತಿಗೂ ಅವರೇ. ನಮ್ಮದರಲ್ಲಿ ಪಾಕ ಹುಯ್ತೀವಿ, ಇವರು ಹಿಟ್ಟು ಒತ್ತುತ್ತಾರೆ. ಹಾಗಾದರೆ ಮುರಿಯದೆ ಹೇಗೆ ಬಿಡಿಸ್ತಾರೆ ಅಂತ ಅಮ್ಮನಿಗೆ ಕುತೂಹಲ. ಮೇಲಿನ ಹಲಗೆಯನ್ನ ಎತ್ತರಿಸಿ ಹಿಟ್ಟು ತುಂಬಿ, ಆಸರೆ ತೆಗೆದು ಹಲಗೆ ಕೆಳಗೊತ್ತಿದರೆ ದಾಸಿಕ್ ತಾನಾಗಿ ಮೇಲೆ ಬರುತ್ತೆ. ಇದನ್ನ ನಾನು ಮನೆಗೆ ಬಂದ ಮೇಲೆ ಹುಡುಕಿ ಹೇಳಿದೆ. ಅಲ್ಲಿ ಯಾರೂ ಹೇಳಲಿಲ್ಲ. ಕಲಸಿ ಉಂಡೆ ಮಾಡಿಟ್ಟಿದ್ದರು, ತಲೆಗೊಂದು. ಜೇನು ಎಷ್ಟು, ಹದ ಹೇಗೆ ಗೊತ್ತಾಗುತ್ತೆ ಅಂತ ಅಮ್ಮನ ಪರವಾಗಿ ನನಗೆ ಬರೋ ಹರಕುಮುರುಕು ಕೊರಿಯನ್‌ನಲ್ಲಿ ಕೇಳಿದೆ. "ಒತ್ತಿ, ಫೋಟೋ ತಗೊಳ್ಳಿ" ಅನ್ನೋದೇ ಉತ್ತರ. ಟೀ ಕಾಗದದ ಲೋಟದಲ್ಲಿ ಬಂತು. ಹೊರಗೆ ಹೋಗಿ ಕುಡಿದೆವು.

ದುಡ್ಡು ವಾಪಸ್ ಕೇಳಿ ಬರೆದೆ. "ಈ ಬಡಾವಣೆಯಲ್ಲಿ ಪ್ರವಾಸಿಗರಿಗೆ ಸಮಯದ ನಿರ್ಬಂಧ ಇದೆ, ನಾವು ಅಸಹಾಯಕರು" ಅಂತ ಉತ್ತರ. ಓದಿ ರಕ್ತ ಕುದೀತು. ಇಲ್ಲಿ ಜನ ಸಂಸಾರ ಮಾಡ್ಕೊಂಡಿದ್ದಾರೆ. ಅವರ ಬಾಗಿಲು ಮುಂದೆ ದಿನವಿಡೀ ಗದ್ದಲ, ಸೂಟ್‌ಕೇಸ್ ಎಳೆಯೋ ಸದ್ದು. ಅದಕ್ಕೇ ಬುಕ್‌ಚೊನ್ ಸೇರಿರೋ ಜೊಂಗ್ನೊ ಜಿಲ್ಲೆಯ ಆಡಳಿತ, ಜನಸಂದಣಿ ತೀರಾ ಜಾಸ್ತಿ ಇರೋ ಓಣಿಗಳಿಗೆ ಪ್ರವಾಸಿಗರು ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ ಬರಬೇಕು ಅಂತ ಮಾಡಿ, 2025ರ ಮಾರ್ಚ್‌ನಿಂದ ಮೀರಿದವರಿಗೆ 1,00,000 ವೊನ್ ದಂಡ ಇಟ್ಟಿರೋದು. ನ್ಯಾಯವಾದ ನಿಯಮ. ಆದರೆ ನಮ್ಮ ತರಗತಿ ಇದ್ದಿದ್ದು ಮಧ್ಯಾಹ್ನ ಎರಡಕ್ಕೆ! ಎರಡೂ ನಲವತ್ತಕ್ಕೆ ನಮ್ಮನ್ನ ಎಬ್ಬಿಸಿ ಐದು ಗಂಟೆಯ ನೆಪ ಹೇಳ್ತಾರೆ. ಅಕ್ಕಪಕ್ಕದವರ ನೆಮ್ಮದಿ ಬೇಕಿದ್ದರೆ ದಿನಕ್ಕೆ ಎರಡು ತಂಡ ಕೂರಿಸಿ, ನಿಧಾನವಾಗಿ ಕಲಿಸಿ ಕಳಿಸಲಿ. ಓಣಿಯ ಗಲಾಟೆಯೂ ಅಷ್ಟರಮಟ್ಟಿಗೆ ತಗ್ಗುತ್ತೆ.

ಆನ್‌ಗುಕ್ ಸ್ಟೇಷನ್ ಕಡೆಗೆ ಇಳಿಯುವಾಗ ಅಮ್ಮ ಬೆರಳನ್ನ ಗಾಳಿಯಲ್ಲೇ ತಿರುಗಿಸ್ತಾ ಇದ್ದರು. "ಎರಡನೇ ಸುತ್ತು ಒಳಗಿಂದ ಬರಬೇಕಿತ್ತು ಅನ್ಸುತ್ತೆ, ಇನ್ನೊಂದು ಸಲ ತೋರಿಸಿದ್ದರೆ ಸಾಕಿತ್ತು" ಅಂದರು. ನನಗೆ ಏನು ಹೇಳಬೇಕೋ ತಿಳೀಲಿಲ್ಲ.

ಅವರು ಊರಿಗೆ ಹೊರಡೋಕೆ ಇನ್ನು ಹನ್ನೊಂದು ದಿನ ಇದೆ. ಸಿಯೋಲ್, ಸುವೊನ್ ಕಡೆ ಇರೋ ಕನ್ನಡದವರು ಯಾರಿಗಾದರೂ ನಿಜವಾಗಿ ಕೂರಿಸಿಕೊಂಡು ಮೇದುಪ್ ಕಲಿಸೋ ಅಜ್ಜಿಯರು ಗೊತ್ತಿದ್ದರೆ ದಯವಿಟ್ಟು ಹೇಳಿ. ಫೋಟೋ ಬೇಡ, ಹನ್‌ಬೊಕ್ ಬೇಡ. ಎರಡು ಎಳೆ ದಾರ, ಎರಡು ಗಂಟೆ ಸಮಯ ಕೊಟ್ಟರೆ ಸಾಕು. ಎಷ್ಟು ದೂರ ಇದ್ದರೂ ಕರ್ಕೊಂಡು ಬರ್ತೀನಿ.