ತೆಳು ಚಪ್ಪಲಿ ಹಾಕಿದರೆ ಮೊಣಕಾಲು ನೋವು ಮಾಯವಾಗುತ್ತಾ?

‘ಬೂಟು ಬಿಸಾಕಿ, ತೆಳು ವರಾಚೆ ಚಪ್ಪಲಿಯಲ್ಲಿ ಓಡಿ, ಮೊಣಕಾಲು ನೋವು ಮಾಯ’ ಎಂಬ ಫಾರ್ವರ್ಡ್ ವಿಜಯಪುರದ ನಮ್ಮ ಓಟದ ಗುಂಪಿಗೂ ಬಂದಿದೆ. ಅದನ್ನು ಹಾಗೇ ನಂಬಬೇಡಿ.

ಮೆಕ್ಸಿಕೊದ ರರಾಮುರಿ ಜನ ಹಳೆ ಟೈರಿನ ಅಟ್ಟೆಗೆ ತೊಗಲಿನ ದಾರ ಕಟ್ಟಿದ ಈ ವರಾಚೆ ಹಾಕಿ ಬೆಟ್ಟದಲ್ಲಿ ದೂರ ದೂರ ಓಡುತ್ತಾರೆ, ನಿಜ. ಅವರಿಗೆ ಅದು ಚಿಕ್ಕಂದಿನ ರೂಢಿ. ಅಟ್ಟೆ ತೆಳುವಾದರೆ ಭಾರ ಸುಮ್ನೆ ಮಾಯವಾಗಲ್ಲ. ಮೊಣಕಾಲಿಗೆ ಕಡಿಮೆಯಾದರೂ ಮೀನಖಂಡಕ್ಕೆ, ಹಿಮ್ಮಡಿ ಮೇಲಿನ ಸ್ನಾಯುರಜ್ಜುವಿಗೆ ಜಾಸ್ತಿ ಬೀಳುತ್ತದೆ. ಒಮ್ಮೆಲೇ ಶುರುಮಾಡಿದವರಿಗೆ ನೋವು ಅಲ್ಲೇ.

ನಮ್ಮ ಅಥಣಿ ಚಪ್ಪಲಿಯೂ ಅದೇ ಅಲ್ವಾ? ಅಲ್ಲ. ವರಾಚೆಯ ದಾರ ಹಿಮ್ಮಡಿಯನ್ನು ಸುತ್ತಿ ಹಿಡಿಯುತ್ತದೆ. ಅಥಣಿಯದಕ್ಕೆ ಹಿಂದೆ ಪಟ್ಟಿ ಇಲ್ಲ, ಓಡುವಾಗ ಬೆರಳು ಬಿಗಿಹಿಡಿಯಬೇಕು.

ಆಸೆಯಿದ್ದರೆ ಮೊದಲ ಕೆಲವು ವಾರ ಬರೀ ನಡೆಯಿರಿ. ಆಮೇಲೆ ಐದೇ ನಿಮಿಷ ಓಟ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರಿಗಂತೂ ಇದು ಬೇಡವೇ ಬೇಡ.