ಅಕ್ಷರಕ್ಕೊಂದು ಜಾತಿ ಸರ್ಟಿಫಿಕೇಟು

ಸರ್ಕಾರಿ ಸುತ್ತೋಲೆ ಓದಿ ನಗುವ ಚಟವಿರುವವರು 1941ರ ಜನವರಿ 3ರ ಒಂದು ಹಾಳೆಯನ್ನು ತಪ್ಪದೆ ನೋಡಬೇಕು. ಹಿಟ್ಲರನ ಅಪ್ಪಣೆಯಂತೆ ನಾಜಿ ಪಕ್ಷದ ಮಾರ್ಟಿನ್ ಬೋರ್ಮನ್ ಹೊರಡಿಸಿದ್ದು. ಜರ್ಮನರು ಶತಮಾನಗಳಿಂದ ಅಚ್ಚು ಹಾಕುತ್ತಿದ್ದ, ಚೂಪು ಮೂಲೆಗಳ ಗಾಥಿಕ್ ಅಕ್ಷರಗಳನ್ನು ಜರ್ಮನ್ ಲಿಪಿ ಎನ್ನುವುದೇ ತಪ್ಪಂತೆ. ಅವು 'ಶ್ವಾಬಾಖರ್ ಯಹೂದಿ ಅಕ್ಷರ'ಗಳಂತೆ. ಇನ್ನು ಮುಂದೆ ಅಚ್ಚಿಗೂ ಶಾಲೆಗೂ ರೋಮನ್ ಅಕ್ಷರವೇ ಗತಿಯಂತೆ. ಹಾಳೆಯ ನೆತ್ತಿಯ ಮೇಲೆ ಪಕ್ಷದ ಹೆಸರಿದೆ. ಯಾವ ಅಕ್ಷರದಲ್ಲಿ ಅಂತೀರಿ? ಅದೇ ಗಾಥಿಕ್ಕಿನಲ್ಲಿ! ಜನಾಂಗಶುದ್ಧಿ ತುರ್ತಿನದೇ ಇರಬಹುದು, ಹಾಗಂತ ಅಚ್ಚು ಹಾಕಿಸಿಟ್ಟ ಲೆಟರ್‌ಹೆಡ್ಡು ದಂಡ ಮಾಡಲಾಗುತ್ತದೆಯೇ?

ಇದೇ ಅಕ್ಷರವನ್ನು ಆವರೆಗೆ ತಲೆಯ ಮೇಲೆ ಹೊತ್ತು ಕುಣಿದವರೂ ಇವರೇ. 1933ರ ನಂತರ ಅಲ್ಲಿನ ಅಚ್ಚುಮೊಳೆ ಫೌಂಡ್ರಿಗಳು 'ಟಾನೆನ್‌ಬೆರ್ಗ್', 'ನಾಟ್ಸಿಯೊನಾಲ್', 'ಡಾಯ್ಚ್‌ಲಾಂಟ್' ಎಂದೆಲ್ಲ ಹೆಸರಿಟ್ಟು ಹೊಸ ಗಾಥಿಕ್ ಮೊಳೆ ಎರಕ ಹೊಯ್ದವು. ಲೇಖನಿ ಬಳುಕಿದಲ್ಲಿ ಬಳುಕುತ್ತಿದ್ದ ಫ್ರಾಕ್ಟುರ್ ಎಂಬ ಹಳೆಯ ಗಾಥಿಕ್ ಬಗೆಯ ಬಾಲ, ಕೊಂಡಿ, ಕುಚ್ಚುಗಳನ್ನೆಲ್ಲ ಬೋಳಿಸಿ, ಒಂದೊಂದು ಅಕ್ಷರವನ್ನೂ ಅಟೆನ್ಷನ್‌ನಲ್ಲಿ ನಿಲ್ಲಿಸಿದರು. ಮೊಳೆ ಜೋಡಿಸುವವರು ಇವಕ್ಕೆ 'ಬೂಟುಗಾಲಿನ ಗ್ರೊಟೆಸ್ಕ್' ಎಂದು ಅಡ್ಡಹೆಸರಿಟ್ಟರು (ಗ್ರೊಟೆಸ್ಕ್ ಎಂದರೆ ಅಲಂಕಾರವಿಲ್ಲದ ಬೋಳು ಅಕ್ಷರ). 1937ರಲ್ಲಿ ಯಹೂದಿ ಪ್ರಕಾಶಕರು ಫ್ರಾಕ್ಟುರ್ ಮುಟ್ಟಕೂಡದೆಂದು ಮಡಿ ಮಾಡಿದ್ದೂ ಆಯಿತು. ನಾಲ್ಕೇ ವರ್ಷಕ್ಕೆ ಅಕ್ಷರವೇ ಯಹೂದಿ!

ಪುರಾವೆ? ಮುದ್ರಣ ಬಂದಾಗಲೇ ಯಹೂದಿಗಳು ಅಚ್ಚುಕೂಟಗಳನ್ನು ವಶ ಮಾಡಿಕೊಂಡರೆಂದು ಸುತ್ತೋಲೆಯೇ ಹೇಳುತ್ತದಲ್ಲ, ಇನ್ನೇನು ಬೇಕು! ನಿಜ ನೋಡಿದರೆ, 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದೂ ಗಾಥಿಕ್ ಮೊಳೆಯಲ್ಲೇ. ಫ್ರಾಕ್ಟುರ್ ಅಂತೂ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ 1513ರ ಪ್ರಾರ್ಥನಾ ಪುಸ್ತಕದ ಕಾಲದಲ್ಲಿ ರೂಪುಗೊಂಡದ್ದು, ಅರಮನೆಯ ಅನ್ನ ತಿಂದದ್ದು. ಶ್ವಾಬಾಖರ್ ಅದಕ್ಕೂ ಹಿಂದಿನ ಬೇರೆಯೇ ಗಾಥಿಕ್ ಬಗೆ. ಬೈಯಲು ಹೊರಟವರು ಹೆಸರನ್ನಾದರೂ ವಿಚಾರಿಸಿಕೊಳ್ಳಬಾರದಿತ್ತೇ?

ಅಸಲಿ ಕಥೆ ಅದೇ ಹಾಳೆಯ ಕೆಳಗಿದೆ. ಹೊರದೇಶಕ್ಕೆ ಹೋಗುವ ಪತ್ರಿಕೆಗಳನ್ನು ಮೊದಲು ರೋಮನ್ನಿಗೆ ಬದಲಾಯಿಸಬೇಕಂತೆ. ಅರ್ಧ ಯೂರೋಪು ಕೈಗೆ ಬಂದಿತ್ತು. ಗೆದ್ದ ಊರಿನವರಿಗೆ ಈ ಮುಳ್ಳುಬೇಲಿ ಓದಲು ಬರುತ್ತಿರಲಿಲ್ಲ. ಓದಲಾಗದ ಆಜ್ಞೆಗೆ ಜನ ಹೆದರುವುದಾದರೂ ಹೇಗೆ? ವ್ಯಾಪಾರದ ಲೆಕ್ಕ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಪಕ್ಷಕ್ಕೆ ಯಾರನ್ನಾದರೂ ಬೈಯದೆ ಬೋರ್ಡು ಬದಲಿಸುವ ಕ್ರಮವೇ ಇರಲಿಲ್ಲ.

ಇಂದಿನ ನವನಾಜಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ನಾಯಕನೇ ಜಾತಿಭ್ರಷ್ಟ ಮಾಡಿದ ಅಕ್ಷರವನ್ನು ಎದೆ, ಬೆನ್ನು, ಕುತ್ತಿಗೆಗಳ ಮೇಲೆ ಕೊರೆಸಿಕೊಂಡು ಮೆರೆಯುತ್ತಾರೆ. ಗಾಥಿಕ್ಕಿನಲ್ಲಿ ಪದದ ನಡುವೆ 'ಎಫ್'ನಂತೆ ಕಾಣುವ ಉದ್ದನೆಯ 'ಎಸ್' (ſ) ಬರಬೇಕೆಂಬ ಪಾಠ ಇವರ ಅಜ್ಜಿಗೆ ಗೊತ್ತಿತ್ತು, ಇವರಿಗಿಲ್ಲ. ಸಾಲದ್ದಕ್ಕೆ ಎಲ್ಲವೂ ಕ್ಯಾಪಿಟಲ್ಲಿನಲ್ಲೇ ಬೇಕು. ಗಾಥಿಕ್ ದೊಡ್ಡಕ್ಷರ ಪದದ ಬಾಗಿಲಲ್ಲಿ ಒಂಟಿಯಾಗಿ ನಿಲ್ಲಲು ಹುಟ್ಟಿದ್ದು. ಸಾಲಾಗಿ ನಿಲ್ಲಿಸಿದರೆ ಬಳ್ಳಿಗೆ ಬಳ್ಳಿ ತೊಡರಿ ಯಾವುದು ಯಾವುದೆಂದೇ ತಿಳಿಯದು. ಎದುರಿಗೆ ಸಿಕ್ಕವನು ಬೆಚ್ಚಿಬೀಳಬೇಕಾದರೆ ಮೊದಲು ಅಂಗಿ ಬಿಚ್ಚಿದವನೇ ನಿಂತು ಒಂದೊಂದಾಗಿ ಓದಿ ಹೇಳಬೇಕು.