ನಮ್ಮನೆ ಫ್ರಿಜ್ ಮೇಲಿನ ಸುನಿಲ್ ಚೆಟ್ರಿ

ಮೂರು ತಿಂಗಳಿಂದ ನಮ್ಮನೆ ಫ್ರಿಜ್ ಬಾಗಿಲಿಗೆ ದಿನಾ ಒಂದು ಚೀಟಿ ಅಂಟುತ್ತಿದೆ. ಏಳನೇ ಕ್ಲಾಸಿನ ಮಗಳು ಶಾಲೆಗೆ ಹೊರಡೋ ಮುಂಚೆ ಹಾಲು ಕುಡಿಯುತ್ತಾ ಅದನ್ನು ಓದುತ್ತಾಳೆ. ಒಂದು ಚೀಟಿಗೆ ಒಂದೇ ಸಂಗತಿ, ಅದೂ ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಸುನಿಲ್ ಚೆಟ್ರಿಯದು. ಬರೆಯುವವನು ನಾನು. ಇದು ಶುರುವಾಗಿದ್ದು ಅವಳು ಒಂದು ಸಂಜೆ ಕೇಳಿದ ಪ್ರಶ್ನೆಯಿಂದ: "ಅಪ್ಪಾ, ಚೆಟ್ರಿ ಅಂದ್ರೆ ರೊನಾಲ್ಡೊ, ಮೆಸ್ಸಿ ಆದ್ಮೇಲೆ ಬರ್ತಾರಲ್ಲ, ಅವರೇ ತಾನೆ?"

ಹೌದು ಅಂದೆ. ಆದರೆ ಮನಸ್ಸಿಗೆ ಕಸಿವಿಸಿಯಾಯಿತು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. 2024ರ ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಕುವೈತ್ ಎದುರು ಆಡಿ ಚೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ ಅವರ ಹೆಸರಿನಲ್ಲಿ 94 ಗೋಲುಗಳಿದ್ದವು. ಪುರುಷರ ಫುಟ್‌ಬಾಲಿನಲ್ಲಿ ದೇಶದ ಪರವಾಗಿ ಅದಕ್ಕಿಂತ ಹೆಚ್ಚು ಹೊಡೆದವರು ಆಗ ಇಡೀ ಜಗತ್ತಿನಲ್ಲಿ ಮೂವರೇ: ರೊನಾಲ್ಡೊ, ಮೆಸ್ಸಿ, ಮತ್ತು ಆಟ ಬಿಟ್ಟು ವರ್ಷಗಳಾಗಿದ್ದ ಇರಾನಿನ ಅಲಿ ದಾಯಿ. ದೊಡ್ಡ ಸಂಗತಿಯೇ. ಆದರೆ ಚೆಟ್ರಿ ಬಗ್ಗೆ ಎಲ್ಲಿ ನೋಡಿದರೂ ಓಡಾಡುವುದು ಇದೊಂದೇ. ಹುಟ್ಟುಹಬ್ಬಕ್ಕೂ ಇದೇ, ಗೋಲು ಹೊಡೆದರೂ ಇದೇ, ಕ್ವಿಜ್ ಪುಸ್ತಕದಲ್ಲೂ ಇದೇ. ಕೇಳಿದ ಮಗುವಿನ ತಲೆಯಲ್ಲಿ ಉಳಿಯುವುದು ಬೇರೆ ಇಬ್ಬರ ಹೆಸರು, ಅವರ ಹಿಂದೆ ನಿಂತ ಇನ್ನೊಬ್ಬ. ಅದರ ಬೆನ್ನಿಗೇ ಜಗಳ ಶುರು. ಆ ಗೋಲುಗಳೆಲ್ಲ ಮಾಲ್ಡೀವ್ಸ್, ನೇಪಾಳದಂಥ ಸಣ್ಣ ತಂಡಗಳ ಮೇಲೆ ತಾನೇ ಅಂತ ಒಬ್ಬರು, ಅದಕ್ಕೆ ಉತ್ತರ ಕೊಡಲು ಇನ್ನೊಬ್ಬರು. ಈ ಹೋಲಿಕೆ ಬೇಡ ಎಂದು ಸ್ವತಃ ಚೆಟ್ರಿಯವರೇ ಎಷ್ಟೋ ಸಲ ಹೇಳಿದ್ದಾರೆ. ಹನ್ನೆರಡು ವರ್ಷಕ್ಕೂ ಮಿಕ್ಕಿ ನಮ್ಮ ಊರಿನ ತಂಡ ಬೆಂಗಳೂರು ಎಫ್‌ಸಿಗೆ ಆಡಿದ ಮನುಷ್ಯ. ಬೆಂಗಳೂರಿನಲ್ಲೇ ಬೆಳೆಯುತ್ತಿರುವ ಹುಡುಗಿಗೆ ಅವರ ಬಗ್ಗೆ ಗೊತ್ತಿರುವುದು ಇಷ್ಟೇನಾ ಅನಿಸಿತು. ಅವತ್ತು ರಾತ್ರಿಯೇ ಮೊದಲ ಚೀಟಿ ಬರೆದೆ.

ಅದರಲ್ಲಿ ಇದ್ದದ್ದು ಸೆಂಟಿನ ವಿಷಯ. 2005ರ ಜೂನ್ 12, ಪಾಕಿಸ್ತಾನದ ಕ್ವೆಟ್ಟಾ. ಇಪ್ಪತ್ತು ವರ್ಷದ ಹುಡುಗನಿಗೆ ಕೋಚ್ ಸುಖವಿಂದರ್ ಸಿಂಗ್ ಇವತ್ತು ನೀನು ಆಡ್ತೀಯ ಅಂತಾರೆ. ಹುಡುಗ ತನ್ನ ಜೆರ್ಸಿ ತೆಗೆದುಕೊಂಡು ಅದಕ್ಕೆ ಸೆಂಟು ಹೊಡೆಯುತ್ತಾನೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಆ ಪಂದ್ಯದಲ್ಲೇ ದೇಶಕ್ಕಾಗಿ ಮೊದಲ ಗೋಲು. ಕೊನೆಯಲ್ಲಿ ಪಾಕಿಸ್ತಾನ ಸಮ ಮಾಡಿ 1-1. ಹತ್ತೊಂಬತ್ತು ವರ್ಷ ಆದಮೇಲೆ, ವಿದಾಯ ಹೇಳಲು ಮಾಡಿದ ವಿಡಿಯೊದಲ್ಲಿ ಚೆಟ್ರಿ ನೆನಪಿಸಿಕೊಂಡಿದ್ದು 94 ಗೋಲನ್ನಲ್ಲ, ಈ ದಿನವನ್ನು. ಮಗಳು ಓದಿ ನಕ್ಕಳು. ಆ ವಾರದ ಪಿಟಿ ಪೀರಿಯಡ್ ದಿನ ಅವಳ ಯೂನಿಫಾರ್ಮಿನಿಂದ ನನ್ನ ಸೆಂಟಿನ ವಾಸನೆ ಬರುತ್ತಿತ್ತು.

ಅವಳಿಗೆ ತುಂಬ ಹಿಡಿಸಿದ ಇನ್ನೊಂದು ಚೀಟಿ ಅಮ್ಮನದು. ಚೆಟ್ರಿ ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ಅಪ್ಪ ಸೈನ್ಯದಲ್ಲಿದ್ದವರು, ಸೈನ್ಯದ ತಂಡಕ್ಕೆ ಆಡಿದವರು. ಅಮ್ಮ ಸುಶೀಲಾ ಮತ್ತು ಅವರ ಅವಳಿ ಸಹೋದರಿ ಇಬ್ಬರೂ ನೇಪಾಳದ ಮಹಿಳಾ ತಂಡದಲ್ಲಿ ಆಡಿದವರು. ಆಟಗಾರರ ಕಥೆ ಹೇಳುವಾಗ ನಾವು ಯಾವಾಗಲೂ ಅಪ್ಪನಿಂದ ಶುರು ಮಾಡುತ್ತೇವೆ. ಈ ಮನೆಯಲ್ಲಿ ದೇಶದ ತಂಡದ ಜೆರ್ಸಿ ಮೊದಲು ತೊಟ್ಟಿದ್ದು ಅಮ್ಮ. ಆ ಚೀಟಿಯನ್ನು ಮಗಳು ಫ್ರಿಜ್ಜಿನಿಂದ ತೆಗೆದು ತನ್ನ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ನನಗೆ ಬರೆಯಲು ಕಷ್ಟವಾಗಿದ್ದು 2009ರ ಚೀಟಿ. ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಜೊತೆ ಚೆಟ್ರಿಯ ಒಪ್ಪಂದವಾಗಿತ್ತು. ಬ್ರಿಟನ್ನಿನಲ್ಲಿ ಕೆಲಸದ ಪರವಾನಗಿ ಸಿಗಲಿಲ್ಲ. ಫಿಫಾ ಪಟ್ಟಿಯಲ್ಲಿ ಭಾರತ ಮೊದಲ 70 ದೇಶಗಳೊಳಗೆ ಇಲ್ಲ ಎಂಬುದೇ ಕಾರಣ. ಹಿಂದಿನ ವರ್ಷವಷ್ಟೇ ದೆಹಲಿಯ ಅಂಬೇಡ್ಕರ್ ಸ್ಟೇಡಿಯಂನಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್, ತಜಿಕಿಸ್ತಾನದ ಮೇಲೆ ಇದೇ ಹುಡುಗ ಹ್ಯಾಟ್ರಿಕ್ ಹೊಡೆದು ಭಾರತವನ್ನು 2011ರ ಏಷ್ಯನ್ ಕಪ್‌ಗೆ ಕರೆದುಕೊಂಡು ಹೋಗಿದ್ದ. ಅಷ್ಟಿದ್ದೂ ಬಾಗಿಲು ತೆರೆಯಲಿಲ್ಲ. "ಅವರು ಚೆನ್ನಾಗಿ ಆಡಿದ್ರೂ, ದೇಶ ಚೆನ್ನಾಗಿ ಆಡದಿದ್ರೆ ಬಿಡಲ್ವಾ?" ಅಂತ ಮಗಳು ಕೇಳಿದಳು. ಬಿಡಲ್ಲ ಪುಟ್ಟಾ ಅಂದೆ. ಮುಂದೆ 2010ರಲ್ಲಿ ಅಮೆರಿಕದ ಕಾನ್ಸಸ್ ಸಿಟಿ, 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡ. ಎರಡು ಕಡೆಯೂ ನೆಲೆ ನಿಲ್ಲಲಿಲ್ಲ, ವಾಪಸ್ ಬಂದರು. 94 ಎಂಬ ಅಂಕಿ ಹೇಳುವವರು ಈ 70 ಎಂಬ ಅಂಕಿಯನ್ನೂ ಹೇಳಬೇಕು. ಒಬ್ಬ ಆಟಗಾರ ಎಷ್ಟೇ ಎತ್ತರಕ್ಕೆ ಬೆಳೆದರೂ, ನಮ್ಮ ದೇಶ ಆ ಆಟವನ್ನು ಇಟ್ಟುಕೊಂಡಿರುವ ಸ್ಥಿತಿ ಅವನ ಕಾಲು ಹಿಡಿದು ಎಳೆಯುತ್ತದೆ. ಮಕ್ಕಳಿಗೆ ಇದು ಬೇಗ ತಿಳಿದಷ್ಟೂ ಒಳ್ಳೆಯದು ಅನ್ನುವವನು ನಾನು.

ಇನ್ನೊಂದು ಅಂಕಿ 2,569. ಒಂದು ವಾರ ಪೂರ್ತಿ ಈ ಒಂದೇ ಸಂಖ್ಯೆಯ ಸುತ್ತ ಚೀಟಿ ಬರೆದೆ. 2018ರ ಜೂನ್ 1, ಮುಂಬೈ. ಚೈನೀಸ್ ತೈಪೆ ಎದುರು ಭಾರತ 5-0, ಚೆಟ್ರಿ ಹ್ಯಾಟ್ರಿಕ್. ನೋಡಲು ಬಂದಿದ್ದು 2,569 ಜನ. ಮುಂಬೈಯಂಥ ಊರಿನಲ್ಲಿ! ಮರುದಿನ ಚೆಟ್ರಿ ಫೋನಿನ ಮುಂದೆ ಕೂತು ವಿಡಿಯೊ ಮಾಡಿದರು. ಬನ್ನಿ, ಬೈಯಿರಿ, ಟೀಕೆ ಮಾಡಿ, ಆದರೆ ಅದನ್ನೆಲ್ಲ ಸ್ಟೇಡಿಯಂಗೆ ಬಂದು ಮಾಡಿ ಅಂದರು. ಯುರೋಪಿನ ಕ್ಲಬ್ಬುಗಳನ್ನು ನೋಡುವವರೇ, ನಾವು ಆ ಮಟ್ಟದಲ್ಲಿಲ್ಲ, ಹತ್ತಿರವೂ ಇಲ್ಲ, ಆದರೂ ನಿಮ್ಮ ಸಮಯ ವ್ಯರ್ಥವಾಗಲು ಬಿಡುವುದಿಲ್ಲ ಅಂದರು. ದೇಶದ ನಾಯಕ, ಅಷ್ಟು ಗೋಲು ಹೊಡೆದವನು, ನಮ್ಮ ಮುಂದೆ ಕೈಮುಗಿದು ಕೇಳಿದ. ಆ ವಿಡಿಯೊ ನೋಡಿ ನನಗೆ ನಾಚಿಕೆಯಾಗಿತ್ತು. ಚಾಂಪಿಯನ್ಸ್ ಲೀಗ್ ನೋಡಲು ನಡುರಾತ್ರಿ ಅಲಾರಂ ಇಟ್ಟು ಏಳುತ್ತಿದ್ದ ನಾನು ಅಲ್ಲಿಯ ತನಕ ಕಂಠೀರವದೊಳಗೆ ಕಾಲಿಟ್ಟಿರಲಿಲ್ಲ. ಜೂನ್ 4ರಂದು ಮುಂಬೈಯಲ್ಲೇ ನಡೆದ ಕೀನ್ಯಾ ಎದುರಿನ ಪಂದ್ಯಕ್ಕೆ ಟಿಕೆಟ್ಟೆಲ್ಲ ಖಾಲಿ. ಅದು ಅವರ ನೂರನೇ ಪಂದ್ಯ. ಸುರಿಯುವ ಮಳೆಯಲ್ಲಿ 3-0, ಅವರದು ಎರಡು ಗೋಲು.

ಅದಾದ ಮೇಲೆ ನಾನು ಕಂಠೀರವಕ್ಕೆ ಹೋಗಲು ಶುರು ಮಾಡಿದೆ. ಮಗಳನ್ನು ಮೊದಲ ಸಲ ಕರೆದುಕೊಂಡು ಹೋಗಿದ್ದು 2023ರ ಜೂನ್ 21ಕ್ಕೆ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಪಂದ್ಯಾವಳಿಯಲ್ಲಿ ಪಾಕಿಸ್ತಾನದ ಎದುರು. ಮಳೆಯೋ ಮಳೆ. 4-0 ಗೆದ್ದೆವು, ಚೆಟ್ರಿ ಮೂರು, ಅದರಲ್ಲಿ ಎರಡು ಪೆನಾಲ್ಟಿ. ಪೆನಾಲ್ಟಿ ಅನ್ನೋದನ್ನೂ ಚೀಟಿಯಲ್ಲಿ ಬರೆದಿದ್ದೇನೆ. ಅಭಿಮಾನ ಇದೆ ಅಂತ ಅರ್ಧ ಸಂಗತಿ ಹೇಳುವುದು ನನಗೆ ಆಗುವುದಿಲ್ಲ.

ಅದೇ ಕಾರಣಕ್ಕೆ ಅದೇ ವರ್ಷದ ಮಾರ್ಚ್ 3ರ ಚೀಟಿಯೂ ಇದೆ. ಐಎಸ್‌ಎಲ್ ಲೀಗಿನಲ್ಲಿ ಬೆಂಗಳೂರು ಎಫ್‌ಸಿಗೆ ಕೇರಳ ಬ್ಲಾಸ್ಟರ್ಸ್ ಎದುರು ಪ್ಲೇಆಫ್, ಹೆಚ್ಚುವರಿ ಸಮಯ. ಎದುರಾಳಿಗಳು ಇನ್ನೂ ಸಾಲಾಗಿ ಅಡ್ಡ ನಿಂತು ಗೋಡೆ ಕಟ್ಟುತ್ತಿರುವಾಗಲೇ ಚೆಟ್ರಿ ಫ್ರೀ ಕಿಕ್ಕನ್ನು ಗೋಲಿಗೆ ಹಾಕಿಬಿಟ್ಟರು. ರೆಫರಿ ಗೋಲು ಕೊಟ್ಟರು, ಕೇರಳದವರು ಮೈದಾನ ಬಿಟ್ಟು ಹೊರನಡೆದರು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ದಂಡ ಬಿತ್ತು. ನನ್ನ ಪ್ರಕಾರ ಗೋಲು ಸರಿ. ನಿಯಮದಲ್ಲಿ ಬೇಗ ಒದೆಯಲು ಅವಕಾಶವಿದೆ, ಚೆಂಡಿನ ಮೇಲೆ ಕಣ್ಣಿಟ್ಟು ನಿಲ್ಲಬೇಕಾದದ್ದು ಎದುರಾಳಿಯ ಕೆಲಸ. ಕೇರಳದ ಗೆಳೆಯರು ಇವತ್ತಿಗೂ ಒಪ್ಪುವುದಿಲ್ಲ. ಮಗಳೂ ಒಪ್ಪಲಿಲ್ಲ. "ರೆಡಿನಾ ಅಂತ ಕೇಳ್ಬೇಕಿತ್ತು" ಅಂದಳು. ಚೀಟಿಯ ಕೆಳಗೆ ಅವಳ ಮಾತನ್ನೂ ಬರೆಸಿದೆ.

ಅರ್ಜುನ, ಪದ್ಮಶ್ರೀ, ಖೇಲ್ ರತ್ನ ಎಲ್ಲವೂ ಒಂದೇ ಚೀಟಿಯಲ್ಲಿ ಮುಗಿದವು.

ಇಷ್ಟು ಸಣ್ಣ ಸಣ್ಣ ವಿಷಯಕ್ಕೆ ಯಾಕೆ ಒದ್ದಾಡುತ್ತೀಯ ಅಂತ ಮನೆಯಲ್ಲೇ ಕೇಳಿದ್ದಾರೆ. ಅದಕ್ಕೆ ನನ್ನ ಉತ್ತರ ಸಾರಂಗಪಾಣಿ ರಾಮನ್. ಬೆಂಗಳೂರಿನವರು. ಸ್ವತಂತ್ರ ಭಾರತ ಆಡಿದ ಮೊದಲ ಒಲಿಂಪಿಕ್ಸ್, 1948ರ ಲಂಡನ್. ಫ್ರಾನ್ಸ್ ಎದುರು 1-2ರಲ್ಲಿ ಸೋತ ಪಂದ್ಯದಲ್ಲಿ ನಮ್ಮ ಆ ಒಂದು ಗೋಲು ಅವರದು. ನಮ್ಮ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಅದಕ್ಕೂ ಹಿಂದೆ, 1937ರಲ್ಲಿ, ಬ್ರಿಟಿಷ್ ಪಲ್ಟನ್ನುಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ಪನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ರಾಮನ್ ಅವರ ಅಮ್ಮ ಏನು ಮಾಡುತ್ತಿದ್ದರು, ಮೊದಲ ಪಂದ್ಯದ ದಿನ ಇವರು ಜೆರ್ಸಿಗೆ ಏನು ಮಾಡಿದರು? ಅಂಥದ್ದನ್ನು ನಮ್ಮ ಊರು ಜೋಪಾನ ಮಾಡಲಿಲ್ಲ. ಇಸವಿ ಮತ್ತು ಗೋಲು, ಅಷ್ಟೇ ನಮ್ಮ ಕೈಗೆ ಬಂದಿದ್ದು. ಚೆಟ್ರಿ ವಿಷಯದಲ್ಲೂ ಹಾಗಾಗಬಾರದು. ಅವರು ಇನ್ನೂ ನಮ್ಮ ಕಣ್ಣೆದುರೇ ಇದ್ದಾರೆ. 2024ರ ಡಿಸೆಂಬರ್‌ನಲ್ಲಿ, ನಲವತ್ತು ದಾಟಿದ ಮೇಲೆ, ಅದೇ ಕಂಠೀರವದಲ್ಲಿ ಅದೇ ಕೇರಳದ ಮೇಲೆ ಹ್ಯಾಟ್ರಿಕ್ ಹೊಡೆದರು. 2025ರ ಮಾರ್ಚ್‌ನಲ್ಲಿ ದೇಶದ ತಂಡಕ್ಕೆ ಮರಳಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ಎದುರು 95ನೆಯದನ್ನೂ ಹೊಡೆದರು.

ನಾಳೆಯ ಚೀಟಿ ಬರೆದಾಗಿದೆ. 2013-14, ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ವರ್ಷ, ಮೊದಲ ವರ್ಷಕ್ಕೇ ದೇಶದ ಆಗಿನ ಮುಖ್ಯ ಲೀಗ್ ಐ-ಲೀಗಿನ ಪ್ರಶಸ್ತಿ, ಚೆಟ್ರಿಯದು 14 ಗೋಲು. ಆ ಚೀಟಿ ನನಗೆ ಸಪ್ಪೆ ಅನಿಸುತ್ತಿದೆ, ಅಂಕಿ ಬಿಟ್ಟು ಅದರಲ್ಲಿ ಏನೂ ಇಲ್ಲ. ಕಂಠೀರವಕ್ಕೆ ಬರುವ ಮುಂಚೆ ತಂಡ ಆಡುತ್ತಿದ್ದದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಆ ವರ್ಷ ಅಲ್ಲಿ ಕೂತು ನೋಡಿದವರು ನಿಮ್ಮಲ್ಲಿ ಖಂಡಿತ ಇರುತ್ತೀರಿ. ಚೆಟ್ರಿ ಗೋಲು ಹೊಡೆದು ಯಾವ ಕಡೆಗೆ ಓಡಿ ಬರುತ್ತಿದ್ದರು, ಪಂದ್ಯ ಮುಗಿದ ಮೇಲೆ ಎಷ್ಟು ಹೊತ್ತು ನಿಲ್ಲುತ್ತಿದ್ದರು, ಪಕ್ಕದ ಸೀಟಿನಲ್ಲಿ ಯಾರಿದ್ದರು, ನೆನಪಿದ್ದಷ್ಟು ಬರೆಯಿರಿ. ಮಗಳು ಏಳುವುದು ಆರೂವರೆಗೆ.